ಮೇಸ್ತ್ರಿ ನೋಡಿದ ನೀರು

ಆನವಟ್ಟಿ
12 ಜನವರಿ 2025

ಅಪ್ಪಾ,

ಇವತ್ತು ಬೆಳಿಗ್ಗೆ ಬಚ್ಚಲ ಗೋಡೆಯ ಮೇಲೆ ನಿನ್ನ ಹೆಬ್ಬೆರಳಿನ ಗುರುತು ಕಂಡಿತು. ನಲ್ಲಿಯ ಮೇಲೆ, ನನ್ನ ಭುಜದ ಎತ್ತರಕ್ಕೆ, ಸುಣ್ಣದ ಅಚ್ಚು. ಹೊರಡುವ ದಿನ ಕೈ ತೊಳೆಯುವ ಮೊದಲು ಅಲ್ಲಿ ಒರಗಿದ್ದಿರಬೇಕು. ಅಮ್ಮ ಗೋಡೆ ತಿಕ್ಕುವಾಗ ಅದೊಂದನ್ನು ಬಿಟ್ಟು ಸುತ್ತಲೂ ತಿಕ್ಕಿದ್ದಾಳೆ. ಕೇಳಿದರೆ, "ಕೈ ಎಟಕಲಿಲ್ಲ ಕಣೆ" ಅಂದಳು. ಅವಳು ನನಗಿಂತ ಎತ್ತರ.

ಫೋನ್ ಇರುವಾಗ ಪತ್ರ ಏಕೆ ಅಂತ ನಗಬೇಡ. ನಿನ್ನ ಫೋನಿನಲ್ಲಿ ಸ್ಪೀಕರ್ ಹಾಕದೆ ಏನೂ ಕೇಳುವುದಿಲ್ಲ. ಸ್ಪೀಕರ್ ಹಾಕಿದರೆ ನಿನ್ನ ಜೊತೆಯ ಹನ್ನೊಂದು ಜನಕ್ಕೂ ಕೇಳುತ್ತದೆ. ಮೊನ್ನೆ ನಾನು "ಅಪ್ಪಾ, ನೀರು..." ಅನ್ನುವಷ್ಟರಲ್ಲಿ ಹಿಂದಿನಿಂದ ವೀರಬಸಪ್ಪ ಮಾಮ, "ನೀರಿಗೇನು ಬರ ಇಲ್ಲಬೇ ತಂಗಿ, ಸಮುದ್ರನೇ ಐತಿ ಇಲ್ಲಿ!" ಅಂದರು. ಎಲ್ಲರೂ ನಕ್ಕರು. ನಾನು ಫೋನ್ ಇಟ್ಟುಬಿಟ್ಟೆ.

ಕೇಳಬೇಕಾಗಿದ್ದದ್ದು ಇಷ್ಟೇ. ಅಲ್ಲಿ ಬೆಳಿಗ್ಗೆ ಗಾರೆಗೆ ಹಾಕುವ ಮೊದಲು ನೀರಿನ ರುಚಿ ನೋಡುವವರು ಯಾರು?

ಕೊರೊನಾ ಜ್ವರದಲ್ಲಿ ನಿನ್ನ ನಾಲಿಗೆಯ ರುಚಿ ಹೋಗಿ ನಾಲ್ಕು ವರ್ಷವಾಗುತ್ತಾ ಬಂತು. ಒಂದು ದಿನ ಅಮ್ಮ ಸಾರಿಗೆ ಎರಡು ಸಲ ಉಪ್ಪು ಹಾಕಿದ್ದಳು. ನಾನು ಮೊದಲ ತುತ್ತಿಗೇ ಎದ್ದೆ. ನೀನು ಮತ್ತೆ ಬಡಿಸಿಕೊಂಡೆ. ನಾನು ನಿನ್ನನ್ನು ನೋಡುತ್ತಿರುವುದನ್ನು ನೀನು ನೋಡಿದೆ. ಆಮೇಲಿಂದ ಎಲ್ಲಿ ಗಾರೆ ಕೆಲಸ ಹಿಡಿದರೂ ಶುರುವಾಗುವ ದಿನ ನಾನು ಬುತ್ತಿಯ ನೆಪದಲ್ಲಿ ಬರುತ್ತಿದ್ದೆ. ಬಳ್ಳಿಗಾವಿಯ ಮಂಟಪಕ್ಕೆ ಬಂದೆ, ಕೆರೆಯ ತೂಬಿಗೆ ಬಂದೆ. ಬಿಂದಿಗೆಯ ನೀರು ಕುಡಿದು ದುಪಟ್ಟಾದಲ್ಲಿ ಬಾಯಿ ಒರೆಸಿದರೆ ನೀರು ಒಳ್ಳೆಯದು, ಒರೆಸದಿದ್ದರೆ ಉಪ್ಪು, ಗಾರೆಗೆ ಬೇಡ. ನಾವಿಬ್ಬರೂ ಅದರ ಬಗ್ಗೆ ಒಂದು ಮಾತನ್ನೂ ಆಡಲಿಲ್ಲ. ಈಗ ಮೊದಲ ಸಲ ಬರೆಯುತ್ತಿದ್ದೇನೆ.

ಈ ಕೆಲಸಕ್ಕೆ ಅರ್ಜಿ ಬರೆದವಳೂ ನಾನೇ. "ನೀರಿನ ಗುಣವನ್ನೂ ಸುಣ್ಣದ ಹದವನ್ನೂ ನಾಲಿಗೆಯ ತುದಿಯಿಂದ ಹೇಳಬಲ್ಲ ಮೇಸ್ತ್ರಿ" ಅಂತ ಬರೆದು, ಎರಡು ಸಲ ಓದಿಕೊಂಡು ಖುಷಿಪಟ್ಟಿದ್ದೆ. ನಿನಗೆ ಓದಿ ಹೇಳಿದಾಗ ನೀನು ನನ್ನ ಮುಖ ನೋಡಲಿಲ್ಲ. "ಇರ್ಲಿ ಬಿಡು, ಚೆನ್ನಾಗೈತೆ" ಅಂದೆ. ಹಡಗಿಗೆ ದಾರಿ ತೋರುವ ಆ ಹಳೇ ದೀಪಸ್ತಂಭದ ರಿಪೇರಿ ಕೆಲಸ ಸಿಕ್ಕಿದ್ದು ಆ ಒಂದು ಸಾಲಿಗೆ ಅಂತ ಕಂಟ್ರಾಕ್ಟರ್ ಮಲ್ಲಿಕಾರ್ಜುನಪ್ಪನವರು ಶಿಕಾರಿಪುರದಲ್ಲಿ ಹೇಳಿಕೊಂಡು ಬರುತ್ತಿದ್ದಾರಂತೆ.

ಉತ್ತರ ಬರಿ.

ನಿನ್ನ
ಮೈತ್ರಿ

*

ಬೇಲೆಕೊಡ್ಲು
27 ಜನವರಿ 2025

ಮಗಳು ಮೈತ್ರಿಗೆ ಅಪ್ಪನ ಆಶೀರ್ವಾದ.

ನಿನ್ನ ಪತ್ರ ಬಂತು. ಓದಿ ಸುಣ್ಣದ ಗುಂಡಿಗೆ ಹಾಕಿದೆ. ಬೇಜಾರು ಮಾಡಿಕೊಳ್ಳಬೇಡ, ಬೇರೆಯವರು ಓದಬಾರದ್ದು ಅದರಲ್ಲಿತ್ತು.

ದೀಪದ ಕಂಬ ಗುಡ್ಡದ ತುದಿಯಲ್ಲಿದೆ. ಕಟ್ಟಿ ನೂರೈವತ್ತು ವರ್ಷ. ಕಟ್ಟಿದವನು ಕೆಲಸ ಬಲ್ಲವನು, ಕಲ್ಲಿಗೆ ಕಲ್ಲು ಹೇಗೆ ಕೂತಿದೆ ಅಂದರೆ ಉಗುರು ಹೋಗುವುದಿಲ್ಲ. ಯಾವನೋ ನಡುವೆ ಬಂದು ಮೈತುಂಬ ಸಿಮೆಂಟ್ ಬಳಿದು ಹೋಗಿದ್ದಾನೆ. ಒಳಗಿನ ತೇವ ಹೊರಗೆ ಬರದೆ ಕಲ್ಲು ಕೊಳೆತಿದೆ. ಮೊದಲು ಅದನ್ನೆಲ್ಲ ಕೆತ್ತಿ ತೆಗೆದೆವು. ಈಗ ಬೆಲ್ಲ, ಅಳಲೆಕಾಯಿ ನೀರು ಹಾಕಿ ಹಳೇ ಪದ್ಧತಿಯ ಗಾರೆ ಅರೆಯುತ್ತಿದ್ದೇವೆ. ಮೇಲೆ ದೀಪದ ಕೋಣೆಯ ಸುತ್ತ ಹೊರಗೆ ಚಾಚಿದ ಒಂದು ಕಲ್ಲಿನ ಜಗಲಿ ಇದೆ, ಅದರ ಸಂದಿಗೂ ಇದೇ ಗಾರೆ. ಏಪ್ರಿಲ್‌ನಲ್ಲಿ ನೋಡಲು ಬರುವ ಜನರನ್ನು ಮೇಲೆ ಬಿಡುತ್ತಾರಂತೆ.

ನೀರು ಗುಡ್ಡದ ಕೆಳಗಿನ ಬಾವಿಯದು, ಗಾರೆಗೆ ಮತ್ತು ಸ್ನಾನಕ್ಕೆ ಮಾತ್ರ. ಕುಡಿಯಲು, ಅಡಿಗೆಗೆ, ಬಾಯಿ ತೊಳೆಯಲು ಕ್ಯಾನ್ ಬರುತ್ತದೆ. ಅಕ್ಟೋಬರ್‌ನಲ್ಲಿ ಬಾವಿ ನೀರನ್ನು ಲ್ಯಾಬಿಗೆ ಕಳಿಸಿ, ಒಳ್ಳೇದು ಅಂತ ರಿಪೋರ್ಟ್ ತರಿಸಿದ್ದಾರೆ. ಆದ್ದರಿಂದ ನೀನು ತಲೆ ಕೆಡಿಸಿಕೊಳ್ಳಬೇಡ. ಬೆಳಿಗ್ಗೆ ಎಂಟಕ್ಕೆ ಎಲ್ಲರೂ ಬಾವಿ ಹತ್ತಿರ ನಿಲ್ಲುತ್ತಾರೆ. ನಾನು ಹೆಬ್ಬೆರಳು ಅದ್ದಿ ನಾಲಿಗೆಗಿಟ್ಟು ತಲೆ ಆಡಿಸುತ್ತೇನೆ. ಆಮೇಲೆ ಗಾರೆ ಅರೆಯುವ ಗಾಣದ ಮೋಟರ್ ಶುರು. ಇಂಜಿನಿಯರ್ ಅಶ್ವಿನಿ ಮೇಡಂ ಅದನ್ನು ದಿನಾ ನೋಡುತ್ತಾರೆ. ಸಣ್ಣ ಹುಡುಗಿ, ಮರ್ಯಾದೆ ಗೊತ್ತು. "ಲ್ಯಾಬ್ ವರ್ಷಕ್ಕೊಂದ್ಸಲ, ನಿಮ್ಮ ನಾಲಿಗೆ ದಿನಾ ಇದೆಯಲ್ಲ ಮೇಸ್ತ್ರಿ" ಅಂದರು.

ಅವರಿಗೆ ಬಾಗಿಲಲ್ಲಿ ಹಾಕಲು ಕಂಬದ ಇತಿಹಾಸ ಕನ್ನಡದಲ್ಲಿ ಒಂದು ಹಾಳೆ ಬೇಕಂತೆ. ನನ್ನ ಮಗಳು ಎಂ.ಎ. ಓದಿದ್ದಾಳೆ ಅಂದೆ. ಹಳೇ ಕಾವಲುಗಾರರ ದಿನಚರಿ ಪುಸ್ತಕದ ಜೆರಾಕ್ಸ್ ಕೊಟ್ಟಿದ್ದಾರೆ, ಇಂಗ್ಲಿಷ್. ಕಳಿಸಿದ್ದೇನೆ.

ಅಮ್ಮನಿಗೆ ಏನೂ ಹೇಳಬೇಡ.

ಗುಡ್ಡಪ್ಪ

*

ಆನವಟ್ಟಿ
9 ಫೆಬ್ರುವರಿ 2025

ಅಪ್ಪಾ,

ಪತ್ರವನ್ನು ಸುಣ್ಣಕ್ಕೆ ಹಾಕಿದ್ದಕ್ಕೆ ಬೇಜಾರಿಲ್ಲ. ನಾನು ಏನು ಬರೆದರೂ ಮೊದಲು ಕರಡು ಬರೆಯುವವಳು, ನನ್ನ ಹತ್ತಿರ ಇದೆ.

ಶಾಲೆಯಲ್ಲಿ ಪಾಠ ಮುಗಿಸಿ ಬಂದಮೇಲೆ ದಿನಾ ಎರಡು ಪುಟ ಓದುತ್ತಿದ್ದೇನೆ. ಗಾಳಿ ಎತ್ತಲಿಂದ ಬೀಸಿತು, ಎಷ್ಟು ಎಣ್ಣೆ ಉರಿಯಿತು, ಗಾಜಿಗೆ ಬಡಿದು ಎಷ್ಟು ಹಕ್ಕಿ ಸತ್ತವು, ಇಷ್ಟೇ ದಿನವೂ. ಒಬ್ಬ ಕಾವಲುಗಾರ ಸತ್ತ ಹಕ್ಕಿಗಳ ಬಣ್ಣವನ್ನೂ ಬರೆದಿಟ್ಟಿದ್ದಾನೆ. ನಮ್ಮ ಗುಡವಿಯ ಪಕ್ಷಿಧಾಮಕ್ಕೆ ಬರುವ ಬಿಳಿ ಕೊಕ್ಕರೆಯಂಥದ್ದೊಂದು ಬಿದ್ದಿತ್ತು ಅಂತ ಓದಿದಾಗ, ಅವನನ್ನು ನಾನು ಎಲ್ಲೋ ನೋಡಿದ್ದೇನೆ ಅನ್ನಿಸಿತು. ಅವನ ಸಹಿ ಓದಲು ಬರುವುದಿಲ್ಲ.

ಅಕ್ಟೋಬರ್ ರಿಪೋರ್ಟ್ ಅಂದೆಯಲ್ಲ. ಅಕ್ಟೋಬರ್‌ನಲ್ಲಿ ಎಲ್ಲ ಬಾವಿಯೂ ತುಂಬಿರುತ್ತದೆ. ಈಗ ನೀರು ಎಷ್ಟು ಕೆಳಗಿದೆ? ನೀರು ಇಳಿದರೆ ಕಡಲ ಉಪ್ಪು ಒಳಗೆ ಬರುವುದಿಲ್ಲವಾ?

ಬೇರೆ ಯಾರಾದರೂ ಒಮ್ಮೆ ಕುಡಿದು ನೋಡಬಾರದಾ? ವೀರಬಸಪ್ಪ ಮಾಮ?

ಮೈತ್ರಿ

*

ಬೇಲೆಕೊಡ್ಲು
24 ಫೆಬ್ರುವರಿ 2025

ಮೈತ್ರಿಗೆ,

ಮೇಸ್ತ್ರಿ ನೋಡಿದ ನೀರನ್ನು ಇನ್ನೊಬ್ಬ ನೋಡುವುದಿಲ್ಲ. ನಮ್ಮಪ್ಪನ ಕಾಲದಿಂದ ಹಾಗೆ. ನಿನಗೂ ಗೊತ್ತು. ನೋಡಿದರೆ ಮುಖಕ್ಕೆ ಉಗಿದ ಹಾಗೆ. ವೀರಬಸಪ್ಪ ಮೂವತ್ತು ವರ್ಷದಿಂದ ನನ್ನ ಜೊತೆ ಸುಣ್ಣ ಅರಳಿಸುತ್ತಿದ್ದಾನೆ, ಒಂದು ದಿನವೂ ಬಾವಿ ನೀರಿಗೆ ಬೆರಳು ಅದ್ದಿಲ್ಲ.

ಅವನದ್ದೊಂದು ತಮಾಷೆ. ಸ್ನಾನ ಮಾಡುವಾಗ ಸೋಪು ನೊರೆಯೇ ಬರುವುದಿಲ್ಲ ಅಂತ ದಿನಾ ಜಗಳ. "ಈ ಕಂಪ್ನಿಯವ್ರು ಸೋಪು ಅಂತ ಇಟ್ಟಿಗಿ ಮಾರ್ತಾರ್ನೋಡ್ ಮೇಸ್ತ್ರಿ, ಮೂರು ಸೋಪು ಬದಲ್ಸಿದೆ!" ನಿನ್ನೆ ಅಂಗಡಿಯವನ ಹತ್ತಿರ ಹೋಗಿ ಬೈದು ಬಂದ.

ಇನ್ನೊಂದು ವಿಷಯ. ಜನವರಿಯ ಗಾರೆ ಗಟ್ಟಿಯಾಗಿದೆ. ಆಮೇಲೆ ಮಾಡಿದ್ದರ ಮೇಲೆ ಬಿಳಿ ಹುಡಿ ಏಳುತ್ತಿದೆ. ಮುಂಗೈಯಿಂದ ಒರೆಸಿದರೆ ಹೋಗುತ್ತದೆ, ಎರಡು ದಿನಕ್ಕೆ ಮತ್ತೆ ಬರುತ್ತದೆ. ಸಮುದ್ರದ ಗಾಳಿ ಅಂತ ಎಲ್ಲರೂ ಹೇಳುತ್ತಾರೆ. ಗಾಳಿಯೇ ಇರಬೇಕು.

ಗುಡ್ಡಪ್ಪ

*

ಆನವಟ್ಟಿ
3 ಮಾರ್ಚ್ 2025

ಅಪ್ಪಾ,

ಒಂದೇ ಪ್ರಶ್ನೆ. ಆ ಬಿಳಿ ಹುಡಿ ಒಳಗಿನ ಮೆಟ್ಟಿಲ ಗೋಡೆಯಲ್ಲೂ ಇದೆಯಾ? ಗಾಳಿ ತಾಗದ ಕಡೆ?

ನಿನ್ನ ಪತ್ರ ಓದಿದ ದಿನ ನಿದ್ದೆ ಬರಲಿಲ್ಲ. ಉಪ್ಪು ನೀರಿನಲ್ಲಿ ಸೋಪು ನೊರೆ ಬರುವುದಿಲ್ಲ ಅಂತ ಎಂಟನೇ ಕ್ಲಾಸಿನ ಮಕ್ಕಳಿಗೂ ಗೊತ್ತು. ಮಾರನೇ ದಿನ ಜೆರಾಕ್ಸಿನ ಉಳಿದ ಪುಟಗಳನ್ನೆಲ್ಲ ಒಂದೇ ಸಲಕ್ಕೆ ಓದಿದೆ. ಹಕ್ಕಿಗಳ ಬಣ್ಣ ಬರೆದವನದ್ದೇ ಕೈಬರಹ, 1911ರ ಆಗಸ್ಟ್. ನಿನಗೆ ಅರ್ಥವಾಗಲಿ ಅಂತ ಕನ್ನಡ ಮಾಡಿದ್ದೇನೆ:

"ಬೇಸಿಗೆಯಲ್ಲಿ ಬಳಿದ ಗಾರೆ ಮಳೆ ನಿಲ್ಲುವ ಮೊದಲೇ ಉದುರುತ್ತಿದೆ. ಗುಡ್ಡದ ಕೆಳಗಿನ ಬಾವಿ ಫೆಬ್ರುವರಿಯಿಂದ ಉಪ್ಪಾಗುತ್ತದೆ. ಮೇಸ್ತ್ರಿಗೆ ಹೇಳಬೇಕೆಂದಿದ್ದೆ. ಅವನು ಹಿರಿಯ, ಹೇಳಲಿಲ್ಲ. ಜುಲೈ ಒಂಬತ್ತರಂದು ಜಗಲಿಯ ಒಂದು ಕಲ್ಲು ಕಳಚಿ ಎಣ್ಣೆ ಹೊರುವವನ ಮೇಲೆ ಬಿತ್ತು. ಅವನ ಕಾಲು ತೆಗೆದರು."

ಅದರ ಕೆಳಗೆ, ಮುಂದಿನ ವರ್ಷ ಎಲ್ಲವನ್ನೂ ಕೆತ್ತಿ, ಊರೊಳಗಿನ ಕೆರೆಯಿಂದ ನೀರು ಹೊತ್ತು ಮತ್ತೆ ಮಾಡಿದರು ಅಂತ ಇದೆ.

ಆ "ಹೇಳಲಿಲ್ಲ" ಅನ್ನುವ ಮಾತಿನ ಕೆಳಗೆ ಅವನು ಗೆರೆ ಎಳೆದಿದ್ದಾನೆ. ಜೆರಾಕ್ಸಿನಲ್ಲೂ ಗೆರೆ ದಪ್ಪಗೆ ಕಾಣುತ್ತದೆ.

ಕೆಲಸ ನಿಲ್ಲಿಸು ಅಪ್ಪಾ. ಏನಾದರೂ ಕಾರಣ ಹೇಳು.

ಮೈತ್ರಿ

*

ಬೇಲೆಕೊಡ್ಲು
11 ಮಾರ್ಚ್ 2025

ಮೈತ್ರಿಗೆ,

ಒಳಗೂ ಇದೆ.

ಆ ಪುಟದ ವಿಷಯ ಮೇಡಂಗೆ ಬರೆಯಬೇಡ. ನಾನು ನೋಡಿಕೊಳ್ಳುತ್ತೇನೆ.

ಗುಡ್ಡಪ್ಪ

*

ಆನವಟ್ಟಿ
15 ಮಾರ್ಚ್ 2025

ಅಪ್ಪಾ,

ಫೋನಿನಲ್ಲಿ ನೀನು "ಊಟ ಆಯ್ತಾ" ಅಂದೆ. ನಾನು "ಆಯ್ತು" ಅಂದೆ. ಹಿಂದೆ ಗಾಣ ತಿರುಗುವ ಸದ್ದು ಕೇಳುತ್ತಿತ್ತು. ಅಂದರೆ ಕೆಲಸ ನಿಂತಿಲ್ಲ.

ಬಾಗಿಲಿಗೆ ಹಾಕುವ ಇತಿಹಾಸ ಬರೆದು ಮುಗಿಸಿದೆ. ಕಟ್ಟಿದ ವರ್ಷ, ಎಣ್ಣೆಯ ದೀಪ, ಹಕ್ಕಿಗಳು ಎಲ್ಲ ಬಂದಿವೆ. ಬಾವಿಯ ಸಂಗತಿಯೂ ಇದೆ. ಅದನ್ನು ತೆಗೆದು ಒಂದು ಸಲ ಓದಿದೆ, ಚೆನ್ನಾಗಿಯೇ ಓದಿಸಿಕೊಂಡು ಹೋಯಿತು. ಅದಕ್ಕೇ ಹೆದರಿಕೆಯಾಯಿತು. ಇನ್ನೂ ಕಳಿಸಿಲ್ಲ.

"ನೋಡಿಕೊಳ್ಳುತ್ತೇನೆ" ಅಂದರೆ ಏನು?

ಮೈತ್ರಿ

*

ಬೇಲೆಕೊಡ್ಲು
21 ಮಾರ್ಚ್ 2025

ಮೈತ್ರಿಗೆ,

ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಮೇಡಂ ಗಾರೆಯ ಒಂದು ಚಕ್ಕೆ ತೆಗೆದು ಲ್ಯಾಬಿಗೆ ಕಳಿಸಿದ್ದರು. ಗಾರೆಯ ಒಳಗೇ ಉಪ್ಪಿದೆ ಅಂತ ಬಂತು. ನಿನ್ನೆ ಎಲ್ಲರನ್ನೂ ಬಾವಿ ಹತ್ತಿರ ಸೇರಿಸಿದರು, ಮಲ್ಲಿಕಾರ್ಜುನಪ್ಪನೂ ಬಂದಿದ್ದ. ಮರಳು ತರುವ ಜವಾಬ್ದಾರಿ ವೀರಬಸಪ್ಪನದು. ಹೊಳೆ ಮರಳಿನ ಜೊತೆ ಕಡಲ ದಂಡೆಯ ಮರಳು ಬೆರೆಸಿದ್ದಾನೆ ಅಂತ ಅವನ ಮೇಲೆ ಬಂತು.

"ಹೊಳಿ ಮರಳೇರೀ ಅದು. ನನ್ನ ಕೈಯಾಗ ಜರಡಿ ಹಿಡ್ದೀನಿ" ಅಂದ ವೀರಬಸಪ್ಪ.

"ಹಂಗಾರೆ ಉಪ್ಪು ಆಕಾಶದಿಂದ ಬಿತ್ತೇನಯ್ಯಾ?" ಅಂದ ಮಲ್ಲಿಕಾರ್ಜುನಪ್ಪ.

ಮೇಡಂ, "ಬಾವಿ ನೀರನ್ನೊಮ್ಮೆ ಮತ್ತೆ..." ಅಂತ ಬಾಯಿ ತೆರೆದರು. ಅಷ್ಟರಲ್ಲಿ ವೀರಬಸಪ್ಪನೇ ತಿರುಗಿಬಿದ್ದ. "ಮೇಡಮ್ಮೋರೆ, ನನ್ನ ಬೇಕಾರ ಕಳ್ಳ ಅನ್ರಿ. ನಮ್ಮ ಮೇಸ್ತ್ರಿ ಸಿಹಿ ಅಂದ್ಮ್ಯಾಲೆ ಅದು ಸಿಹಿನೇ. ಆ ಮಾತು ತೆಗೀಬ್ಯಾಡ್ರಿ." ಮೇಡಂ ನನ್ನ ಮುಖ ನೋಡಿ, ಕೈಯಲ್ಲಿದ್ದ ರಿಪೋರ್ಟ್ ಮಡಚಿಟ್ಟರು.

ನಾನು ಮರಳು ಒಳ್ಳೆಯದೇ ಅಂದೆ. ಅದಕ್ಕಿಂತ ಹೆಚ್ಚು ಹೇಳಲಿಲ್ಲ.

ಅವನನ್ನು 28ನೇ ತಾರೀಕು ಶುಕ್ರವಾರ ಕಳಿಸುತ್ತಾರೆ. ಶಿಕಾರಿಪುರದಲ್ಲಿ ಇನ್ನು ಯಾರೂ ಅವನನ್ನು ಕೆಲಸಕ್ಕೆ ಕರೆಯುವುದಿಲ್ಲ. ಅವತ್ತೇ ಕಂಬದ ಸುತ್ತ ನಿಂತು ಕೆಲಸ ಮಾಡುವ ಸಾರುವೆ ಬಿಚ್ಚುತ್ತಾರೆ, ಬುಡದ ಗಾರೆ ಕೆಲಸ ಮಾತ್ರ ಉಳಿಯುತ್ತದೆ. ಮೇಲೆ ಒರೆಸಿ ಸುಣ್ಣ ಹೊಡೆದರೆ ಮಳೆವರೆಗೆ ಏನೂ ಕಾಣುವುದಿಲ್ಲ ಅಂತ ಮೇಡಂ ಇಲ್ಲದಾಗ ಮಲ್ಲಿಕಾರ್ಜುನಪ್ಪ ಹೇಳಿದ.

ರಾತ್ರಿ ಊಟಕ್ಕೆ ವೀರಬಸಪ್ಪ ನನ್ನ ಪಕ್ಕದಲ್ಲೇ ಕೂತ. ತನ್ನ ತಟ್ಟೆಯ ಉಪ್ಪಿನಕಾಯಿ ನನಗೆ ಹಾಕಿದ. ನನಗೆ ಇಷ್ಟ ಅಂತ ಅವನಿಗೆ ಇವತ್ತಿಗೂ ನಂಬಿಕೆ.

ನಾಲಿಗೆ ಇಲ್ಲದ ಮೇಸ್ತ್ರಿಯನ್ನು ಯಾರು ಕರೆಯುತ್ತಾರೆ ಮೈತ್ರಿ? ಕೈಯಲ್ಲಿ ಕೆಲಸ ಇದೆ. ಕಣ್ಣಲ್ಲಿ ಇದೆ. ಹೋಗಿದ್ದು ಅದೊಂದೇ. ಅದೊಂದನ್ನು ಹೇಳಿದರೆ ದುಡಿದ ನಲವತ್ತು ವರ್ಷವೂ ಹೋಗುತ್ತದೆ.

ಬಾಗಿಲ ಹಾಳೆಯಲ್ಲಿ ಬಾವಿ ಬೇಡ. ಇದೊಂದು ನಿನ್ನನ್ನು ಕೇಳುತ್ತಿದ್ದೇನೆ. ಮೊದಲು ಯಾವತ್ತೂ ಏನೂ ಕೇಳಿಲ್ಲ.

ನಿನ್ನ ಅಪ್ಪ

*

ಆನವಟ್ಟಿ
25 ಮಾರ್ಚ್ 2025, ಮಂಗಳವಾರ

ಅಪ್ಪಾ,

ಇದನ್ನು ಅಂಚೆಗೆ ಹಾಕುತ್ತಿಲ್ಲ. ಶಿಕಾರಿಪುರದಿಂದ ಬೆಲ್ಲ ತರುವ ನಿಮ್ಮ ಟೆಂಪೊ ಇವತ್ತು ಸಂಜೆ ಇಲ್ಲಿ ನಿಲ್ಲುತ್ತದೆ, ಡ್ರೈವರ್ ಕೈಗೆ ಕೊಡುತ್ತೇನೆ. ನಾಳೆ ಬುಧವಾರ ಬೆಳಿಗ್ಗೆ ನಿನಗೆ ಸಿಗುತ್ತದೆ. ಇದಕ್ಕೆ ಕರಡು ಬರೆದಿಲ್ಲ. ಸುಣ್ಣಕ್ಕೆ ಹಾಕಿದರೆ ಇದು ಇನ್ನೆಲ್ಲೂ ಇರುವುದಿಲ್ಲ.

ಅಮ್ಮನಿಗೆ ಹೇಳಿದೆ. ನೀನು ಹೇಳಬೇಡ ಅಂದಿದ್ದೆ, ನನ್ನಿಂದ ತಪ್ಪಾಯಿತು. ಅವಳು ಅಕ್ಕಿ ಆರಿಸುತ್ತಿದ್ದಳು. ತಲೆ ಎತ್ತಲಿಲ್ಲ.

"ಸಾರಿಗೆ ಎಲ್ಡು ಸಲ ಉಪ್ಪು ಬಿತ್ತಲ್ಲ, ಅದು ಕೈತಪ್ಪಿ ಅಂದ್ಕಂಡಿದ್ಯಾ? ನೋಡಣ ಅಂತ ನಾನೇ ಹಾಕಿದ್ದು ಕಣೆ" ಅಂದಳು.

"ಮತ್ತೆ ಯಾಕೆ ಕೇಳಲಿಲ್ಲ?"

"ಕೇಳಿದ್ರೆ ಸುಳ್ಳು ಹೇಳ್ಬೇಕಾಗದು ನಿಮ್ಮಪ್ಪ. ಸುಳ್ಳು ಹೇಳಕ್ಕೆ ಬರಲ್ಲ ಅದುಕ್ಕೆ."

ನಾಲ್ಕು ವರ್ಷ ಅವಳು ನಿನ್ನಿಂದ, ನೀನು ಅವಳಿಂದ, ನಾನು ಇಬ್ಬರಿಂದಲೂ ಮುಚ್ಚಿಟ್ಟೆವು. ಈ ಮನೆಯಲ್ಲಿ ಗೊತ್ತಿಲ್ಲದಿದ್ದವರು ಯಾರೂ ಇರಲಿಲ್ಲ. ಆದರೆ ಇಲ್ಲಿ ಆ ಉಪ್ಪಿಗೆ ಒಂದು ಹೊತ್ತಿನ ಸಾರು ಕೆಟ್ಟಿತು. ಅಲ್ಲಿ ಏಪ್ರಿಲ್‌ನಲ್ಲಿ ಜಗಲಿಯ ಮೇಲೆ ಜನ ನಿಲ್ಲುತ್ತಾರೆ. ಶುಕ್ರವಾರ ವೀರಬಸಪ್ಪ ಮಾಮ ಚೀಲ ಹೊತ್ತು ಬಸ್ ಹತ್ತುತ್ತಾರೆ, ಕಳ್ಳ ಅನ್ನಿಸಿಕೊಂಡು, ನಿನ್ನ ಮಾತು ಉಳಿಸಿಕೊಟ್ಟು.

ತಪ್ಪು ನನ್ನದೂ ಇದೆ. "ನಾಲಿಗೆಯ ತುದಿಯಿಂದ" ಅಂತ ಬರೆಯುವಾಗ ಅದು ಸುಳ್ಳು ಅಂತ ನನಗೆ ಗೊತ್ತಿತ್ತು. ಸಾಲು ಚೆಂದ ಬಂತು ಅಂತ ಬಿಟ್ಟೆ. "ಕಲ್ಲಿನ ಸಂದಿಗೆ ಉಗುರು ಹಾಕಿ ಕಟ್ಟಿದವನ ಮನಸ್ಸು ಹೇಳಬಲ್ಲ ಮೇಸ್ತ್ರಿ" ಅಂತ ಬರೆದಿದ್ದರೆ ಅದು ನಿಜವಾಗುತ್ತಿತ್ತು. ಆ ಸಾಲಿಗೂ ಅವರು ನಿನ್ನನ್ನೇ ಕರೆಯುತ್ತಿದ್ದರೋ ಏನೋ. ಈಗ ಗೊತ್ತಾಗುವುದಿಲ್ಲ.

ಅಶ್ವಿನಿ ಮೇಡಂಗೆ ನಾನು ಬರೆದಿಲ್ಲ. ನಾಲ್ಕು ಸಲ ಹಾಳೆ ತೆಗೆದೆ. ಬರೆಯುವುದು ನನಗೆ ಸುಲಭ ಅಪ್ಪಾ, ಅದಕ್ಕೇ ಬರೆಯಲಿಲ್ಲ. ಕಾಲೇಜಿನಲ್ಲಿ ಐದು ವರ್ಷ ಉತ್ತರ ಗೊತ್ತಿದ್ದೂ ಕೈ ಎತ್ತದವಳು ನಾನು. ಆ ಕಾವಲುಗಾರನೂ ಹಾಗೇ ಇದ್ದನೇನೋ. ಎಲ್ಲವನ್ನೂ ನೋಡಿದ, ಹಕ್ಕಿಯ ಬಣ್ಣವನ್ನೂ ಬಿಡಲಿಲ್ಲ. ಹೇಳಬೇಕಾದದ್ದನ್ನು ಹೇಳದೆ, ಕಲ್ಲು ಬಿದ್ದ ಮೇಲೆ ಪುಸ್ತಕದಲ್ಲಿ ಬರೆದು ಗೆರೆ ಎಳೆದ.

ಗುರುವಾರ ಸೊರಬದಿಂದ ಮೊದಲ ಬಸ್ಸಿಗೆ ಹೊರಡುತ್ತೇನೆ. ಅಮ್ಮನೂ ಬರುತ್ತಾಳೆ. "ನಾನು ಕಡಲು ನೋಡೇ ಇಲ್ಲ" ಅನ್ನುವುದು ಅವಳು ಕೊಡುವ ಕಾರಣ. ಸಂಜೆಯೊಳಗೆ ಬೇಲೆಕೊಡ್ಲು ಸೇರುತ್ತೇವೆ. ನಿನಗೆ ಬುಧವಾರ ಪೂರ್ತಿ ಇದೆ, ಗುರುವಾರವೂ ಇದೆ. ನಾವು ಬರುವಷ್ಟರಲ್ಲಿ ನೀನೇ ವೀರಬಸಪ್ಪ ಮಾಮನಿಗೂ ಮೇಡಂಗೂ ಒಂದು ಮಾತು ಹೇಳಿದ್ದರೆ, ನಾನು ಕಡಲು ನೋಡಿಕೊಂಡು ವಾಪಸ್ ಬರುತ್ತೇನೆ.

ಹೇಳದಿದ್ದರೂ ನಿನ್ನ ಮೇಲೆ ಸಿಟ್ಟಿಲ್ಲ. ಶುಕ್ರವಾರ ಬೆಳಿಗ್ಗೆ ಎಂಟಕ್ಕೆ ಎಲ್ಲರೂ ಬಾವಿ ಹತ್ತಿರ ನಿಂತಿರುತ್ತಾರಲ್ಲ, ನಾನೂ ಇರುತ್ತೇನೆ. ನೀನು ಹೆಬ್ಬೆರಳು ಅದ್ದಿ ತಲೆ ಆಡಿಸಿದ ಮೇಲೆ, ಗಾಣ ಶುರುವಾಗುವ ಮೊದಲು, ಮುಂದೆ ಬಂದು ಅದೇ ಬಿಂದಿಗೆಯ ನೀರು ಕುಡಿಯುತ್ತೇನೆ. ಮೇಸ್ತ್ರಿ ನೋಡಿದ ನೀರನ್ನು ಇನ್ನೊಬ್ಬರು ನೋಡಬಾರದು ಅಂತ ನನಗೆ ಗೊತ್ತು.

ಈ ಸಲ ದುಪಟ್ಟಾ ಮುಟ್ಟುವುದಿಲ್ಲ. ಉಪ್ಪಿದ್ದರೆ ಉಪ್ಪು ಅಂತ ಬಾಯಿಬಿಟ್ಟು ಹೇಳುತ್ತೇನೆ.

ನಿನ್ನ
ಮೈತ್ರಿ